ಚೀನೀ ಭಾಷೆಯ ಕಲಿಕೆ ಕಿವಿಯಿಂದ ಆರಂಭವಾಗಲಿ

ಮಾನ್ಯ ಸಂಪಾದಕರೇ,

ವಿದೇಶಿ ಭಾಷೆಗಳ ಕಲಿಕೆಯ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರಹಗಳು ಬರುತ್ತವೆ. ಆದರೆ ಚೀನೀ ಭಾಷೆಯ ವಿಷಯಕ್ಕೆ ಬಂದಾಗ ಅವುಗಳಲ್ಲಿ ಹೆಚ್ಚಿನವು ಉದ್ಯೋಗದ ಆಸೆಯನ್ನೋ ಸಾವಿರಾರು ಅಕ್ಷರಗಳ ಭಯವನ್ನೋ ಮುಂದಿಟ್ಟು, ಮೊದಲ ದಿನ ಪುಸ್ತಕ ತೆರೆದವರು ಏನು ಮಾಡಬೇಕೆಂಬುದನ್ನು ಹೇಳದೆಯೇ ಮುಗಿಯುತ್ತವೆ. ಕಲಿಯಲು ಹೊರಟ ಅನೇಕರು ನಡುವೆ ಕೈಬಿಡುವುದಕ್ಕೆ ಭಾಷೆಯ ಕಷ್ಟಕ್ಕಿಂತಲೂ ಕಲಿಕೆಯ ಕ್ರಮ ತಲೆಕೆಳಗಾಗಿರುವುದೇ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ. ಅವರು ಲಿಪಿಯನ್ನು ಮೊದಲು ಹಿಡಿಯುತ್ತಾರೆ, ಉಚ್ಚಾರಣೆಯನ್ನು ಮುಂದೂಡುತ್ತಾರೆ. ಆಗಬೇಕಾದದ್ದು ಇದಕ್ಕೆ ವಿರುದ್ಧ.

ಚೀನೀ ಭಾಷೆ ಎಂದಾಗ ಸಾಮಾನ್ಯವಾಗಿ ಉದ್ದೇಶಿಸುವುದು ಮ್ಯಾಂಡರಿನ್ ಭಾಷೆಯನ್ನು. ಇದರಲ್ಲಿ ನಾಲ್ಕು ಟೋನ್‌ಗಳೂ (ಪದದ ಅರ್ಥವನ್ನೇ ಬದಲಿಸುವ ಧ್ವನಿಯ ಏರಿಳಿತಗಳು) ಒತ್ತಿಲ್ಲದ ಇನ್ನೊಂದು ಹಗುರ ಉಚ್ಚಾರವೂ ಇವೆ. 'ಮಾ' ಎಂಬ ಒಂದೇ ಉಲಿಯನ್ನು ಎತ್ತರದಲ್ಲಿ ಸಮವಾಗಿ ಎಳೆದರೆ ತಾಯಿ, ಪ್ರಶ್ನೆ ಕೇಳುವಂತೆ ಏರಿಸಿದರೆ ಸೆಣಬು, ತಗ್ಗಿಸಿ ಹೇಳಿದರೆ ಕುದುರೆ, ಥಟ್ಟನೆ ಇಳಿಸಿದರೆ ಬೈಯುವುದು ಎಂಬ ಅರ್ಥಗಳು ಬರುತ್ತವೆ. ಇಷ್ಟನ್ನು ಎಲ್ಲ ಪಾಠಗಳೂ ಹೇಳುತ್ತವೆ. ಆದರೆ ಒಂದೊಂದು ಉಲಿಯನ್ನು ಬಿಡಿಬಿಡಿಯಾಗಿ ಉರು ಹೊಡೆದವರು ವಾಕ್ಯದೊಳಗೆ ಅದೇ ಉಲಿಯನ್ನು ಗುರುತಿಸಲಾರದೆ ಸೋಲುತ್ತಾರೆ. ಆದ್ದರಿಂದ ಟೋನ್‌ಗಳನ್ನು ಆರಂಭದಿಂದಲೇ ಎರಡೆರಡಾಗಿ ಜೋಡಿಸಿ ಕೇಳಬೇಕು, ಹೇಳಬೇಕು. ನಾಲ್ಕು ಟೋನ್‌ಗಳಿಂದ 16 ಜೋಡಿಗಳಾಗುತ್ತವೆ, ಪ್ರತಿ ಜೋಡಿಗೂ ಬಳಕೆಯ ಒಂದೊಂದು ಪದವನ್ನು ಆರಿಸಿಕೊಂಡರೆ ಸಾಕು. ಮೂರನೆಯ ಟೋನ್‌ನ ಎರಡು ಉಲಿಗಳು ಒಟ್ಟಿಗೆ ಬಂದಾಗ ಮೊದಲನೆಯದು ಎರಡನೆಯ ಟೋನ್‌ಗೆ ತಿರುಗುತ್ತದೆ ಎಂಬ ನಿಯಮವೂ ಹೀಗೆ ಅಭ್ಯಾಸದಲ್ಲೇ ಬಂದುಬಿಡುತ್ತದೆ. ಎಲ್ಲರಿಗೂ ಪರಿಚಿತವಾದ 'ನಿ ಹಾವ್' ಎಂಬ ನಮಸ್ಕಾರವೇ ಇದಕ್ಕೆ ಉದಾಹರಣೆ. ತಮ್ಮ ಧ್ವನಿಯನ್ನು ಫೋನಿನಲ್ಲಿ ಮುದ್ರಿಸಿಕೊಂಡು ಮೂಲದೊಡನೆ ಹೋಲಿಸಿ ನೋಡುವುದಕ್ಕಿಂತ ಒಳ್ಳೆಯ ಶಿಕ್ಷಕ ಈ ಹಂತದಲ್ಲಿ ಬೇರೆ ಇಲ್ಲ.

ಎರಡನೆಯ ತೊಡಕು ರೋಮನ್ ಲಿಪಿಯದು. ಚೀನೀ ಉಚ್ಚಾರಣೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿಯನ್ನು ಚೀನಾದ ಭಾಷಾತಜ್ಞ ಝೌ ಯೌಗ್ವಾಂಗ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದರು, 1958ರಲ್ಲಿ ಚೀನಾ ಅದನ್ನು ಅಧಿಕೃತವಾಗಿ ಅಂಗೀಕರಿಸಿತು. ಅದು ಇಂಗ್ಲಿಷ್ ಓದುಗರಿಗಾಗಿ ಹುಟ್ಟಿದ್ದಲ್ಲ. ಅದರಲ್ಲಿ 'ಬಿ', 'ಡಿ', 'ಜಿ' ಎಂದು ನಾವು ಓದುವ ಅಕ್ಷರಗಳು ಸೂಚಿಸುವುದು ಹೆಚ್ಚುಕಡಿಮೆ ನಮ್ಮ ಪ, ತ, ಕ ಧ್ವನಿಗಳನ್ನು. 'ಪಿ', 'ಟಿ', 'ಕೆ' ಅಕ್ಷರಗಳು ಸೂಚಿಸುವುದು ಅವುಗಳ ಮಹಾಪ್ರಾಣಗಳಾದ ಫ, ಥ, ಖಗಳನ್ನು. (ಇಲ್ಲಿ ಫ ಎಂದರೆ 'ಫಲ'ದ ಶುದ್ಧ ಮಹಾಪ್ರಾಣವೇ ಹೊರತು ತುಟಿಗೆ ಹಲ್ಲು ತಾಗಿಸಿ ಹೇಳುವ ಧ್ವನಿಯಲ್ಲ.) ಹಾಗೆಯೇ 'ಜೆ' ಚಕಾರಕ್ಕೂ 'ಕ್ಯೂ' ಛಕಾರಕ್ಕೂ 'ಎಕ್ಸ್' ಶಕಾರಕ್ಕೂ ಹತ್ತಿರ, 'ಎಸ್' ಮತ್ತು 'ಎಚ್' ಕೂಡಿ ಬಂದಾಗ ನಾಲಿಗೆ ಮಡಿಸುವ ಷಕಾರ. ನಾವು ಬೀಜಿಂಗ್ ಎಂದು ಬರೆಯುವ ನಗರದ ಹೆಸರು ಅಲ್ಲಿನವರ ಬಾಯಲ್ಲಿ 'ಪೇಯ್‌ಚಿಂಗ್' ಎಂಬಂತೆ ಕೇಳುವುದು ಇದೇ ಕಾರಣಕ್ಕೆ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನೂ ಶ, ಷಗಳ ಭೇದವನ್ನೂ ವರ್ಣಮಾಲೆಯಲ್ಲೇ ಕಲಿತ ಕನ್ನಡಿಗರಿಗೆ ಇದೊಂದು ದೊಡ್ಡ ಅನುಕೂಲ. ದಿನನಿತ್ಯದ ಮಾತಿನಲ್ಲಿ ನಾವು ಈ ಭೇದಗಳನ್ನು ಎಷ್ಟೋ ಸಲ ಸಡಿಲ ಬಿಡುತ್ತೇವೆ, ಚೀನೀ ಭಾಷೆಯಲ್ಲಿ ಮಾತ್ರ ಹಾಗೆ ಬಿಡುವಂತಿಲ್ಲ.

ವ್ಯಾಕರಣವು ಕಲಿಯುವವರನ್ನು ಹೆಚ್ಚು ಕಾಡುವುದಿಲ್ಲ. ಲಿಂಗ, ವಚನ, ಪುರುಷಗಳಿಗೆ ತಕ್ಕಂತೆ ಕ್ರಿಯಾಪದ ಬದಲಾಗದು. ತಿಂಗಳುಗಳ ಹೆಸರು 'ಒಂದು', 'ಎರಡು' ಎಂಬ ಸಂಖ್ಯೆಗಳಿಂದಲೇ ಆಗುತ್ತದೆ. ವಾಕ್ಯದಲ್ಲಿ ಕರ್ತೃ, ಕ್ರಿಯೆ, ಕರ್ಮ ಎಂಬ ಕ್ರಮವಿದ್ದರೂ ಕಾಲ ಮತ್ತು ಸ್ಥಳವನ್ನು ಹೇಳುವ ಮಾತುಗಳು ಸಾಮಾನ್ಯವಾಗಿ ಕ್ರಿಯಾಪದಕ್ಕಿಂತ ಮೊದಲೇ ಬರುತ್ತವೆ. 'ನಿನ್ನೆ ಕೊಂಡ ಪುಸ್ತಕ' ಎಂಬುದನ್ನು ಚೀನೀ ಭಾಷೆಯಲ್ಲಿಯೂ ಇದೇ ಕ್ರಮದಲ್ಲಿ ಹೇಳುತ್ತಾರೆ. ಇಂಗ್ಲಿಷಿನ ಮೂಲಕ ಕಲಿಯುವವರು ಇಲ್ಲಿ ವಾಕ್ಯವನ್ನು ಹಿಂದುಮುಂದು ಮಾಡಿಕೊಳ್ಳಬೇಕಾಗುತ್ತದೆ, ನಮಗೆ ಆ ಶ್ರಮವಿಲ್ಲ. ಎಚ್ಚರ ವಹಿಸಬೇಕಾದದ್ದು ಎಣಿಕೆಯಲ್ಲಿ. ಸಂಖ್ಯೆಗೂ ವಸ್ತುವಿಗೂ ನಡುವೆ ಒಂದು ಅಳತೆಯ ಪದ ಬೇಕೇಬೇಕು. ಪುಸ್ತಕಕ್ಕೆ ಒಂದು, ಕಾಗದ ಮೇಜುಗಳಂಥ ಚಪ್ಪಟೆ ವಸ್ತುಗಳಿಗೆ ಇನ್ನೊಂದು, ನದಿ ರಸ್ತೆಗಳಂಥ ಉದ್ದನೆಯವಕ್ಕೆ ಮತ್ತೊಂದು. ಇವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುವುದು ವ್ಯರ್ಥ, ನಾಮಪದದ ಜೊತೆಗೇ ಕಲಿಯಬೇಕು.

ಇನ್ನು ಲಿಪಿ. 2013ರಲ್ಲಿ ಚೀನಾ ಸರ್ಕಾರ ಪ್ರಕಟಿಸಿದ ಪಟ್ಟಿಯಲ್ಲಿ 8105 ಅಕ್ಷರಗಳಿದ್ದರೂ ನಿತ್ಯದ ಬಳಕೆಯವೆಂದು ಮೊದಲ ಹಂತದಲ್ಲಿ ಇರಿಸಿರುವುದು 3500 ಮಾತ್ರ. ವಿದೇಶಿ ಕಲಿಕೆದಾರರಿಗಾಗಿ 2021ರಲ್ಲಿ ಹೊರತಂದ ಮಾನದಂಡವು ಮೊದಲ ಮಟ್ಟಕ್ಕೆ ಕೇಳುವುದು 300 ಅಕ್ಷರಗಳನ್ನು, 500 ಪದಗಳನ್ನು. ಅಕ್ಷರಗಳನ್ನು ಚಿತ್ರಗಳೆಂದು ತಿಳಿದು ಕಲಿಯುವುದು ಸರಿಯಲ್ಲ. ಅವುಗಳಲ್ಲಿ ಬಹುಪಾಲು ಅರ್ಥವನ್ನು ಸೂಚಿಸುವ ಒಂದು ಭಾಗ, ಉಚ್ಚಾರವನ್ನು ಸೂಚಿಸುವ ಒಂದು ಭಾಗ ಸೇರಿ ಆದವು. 'ಛಿಂಗ್' ಎಂಬ ಉಚ್ಚಾರವನ್ನು ಸೂಚಿಸುವ ಒಂದೇ ಭಾಗಕ್ಕೆ ನೀರಿನ ಗುರುತು ಸೇರಿದರೆ ತಿಳಿಯಾದದ್ದು, ಮಾತಿನ ಗುರುತು ಸೇರಿದರೆ ವಿನಂತಿ, ಹೃದಯದ ಗುರುತು ಸೇರಿದರೆ ಭಾವನೆ, ಸೂರ್ಯನ ಗುರುತು ಸೇರಿದರೆ ನಿರ್ಮಲ ಆಕಾಶ. ಟೋನ್ ಮಾತ್ರ ಒಂದೊಂದಕ್ಕೆ ಬೇರೆಯಾಗಬಹುದು. ನಿಘಂಟುಗಳು ಸಾಂಪ್ರದಾಯಿಕವಾಗಿ ನೀರು, ಮಾತು, ಹೃದಯದ ಗುರುತುಗಳಂಥ 214 ಮೂಲಾಂಗಗಳನ್ನು ಗುರುತಿಸುತ್ತವೆ. ಅವುಗಳಲ್ಲಿ ಹೆಚ್ಚು ಬಳಕೆಯ ಕೆಲವನ್ನು ಮೊದಲು ಪರಿಚಯ ಮಾಡಿಕೊಂಡರೆ ಹೊಸ ಅಕ್ಷರ ಎದುರಾದಾಗ ಗಾಬರಿಯಾಗುವುದಿಲ್ಲ. ಗೆರೆಗಳ ಕ್ರಮ ತಿಳಿಯುವಷ್ಟು ಕೈಬರಹವಿರಲಿ. ಉಳಿದದ್ದನ್ನು ಪಿನ್‌ಯಿನ್‌ನಲ್ಲಿ ಟೈಪ್ ಮಾಡಿ ಸರಿಯಾದ ಅಕ್ಷರವನ್ನು ಆರಿಸುವ ಅಭ್ಯಾಸದಿಂದಲೇ ಸಾಧಿಸಬಹುದು. ಅಕ್ಷರಗಳ ಸರಳೀಕೃತ (ಚೀನಾದಲ್ಲಿ ಬಳಕೆಯಲ್ಲಿರುವ) ಮತ್ತು ಸಾಂಪ್ರದಾಯಿಕ (ತೈವಾನ್, ಹಾಂಗ್‌ಕಾಂಗ್‌ಗಳಲ್ಲಿ ಬಳಕೆಯಲ್ಲಿರುವ) ರೂಪಗಳಲ್ಲಿ ಯಾವುದು ಬೇಕೆಂದು ಮೊದಲೇ ನಿರ್ಧರಿಸಿ, ಕನಿಷ್ಠ ಮೊದಲ ವರ್ಷ ಅದನ್ನು ಬದಲಿಸದಿರುವುದು ಒಳಿತು.

ನಿಘಂಟಿಗೆ ಪ್ಲೆಕೊ, ಮರುಕಲಿಕೆಗೆ ಆಂಕಿ ಎಂಬ ಆ್ಯಪ್‌ಗಳು ಉಪಯುಕ್ತ. ಆದರೆ ಆಂಕಿಯಲ್ಲಿ ಬಿಡಿ ಪದಗಳ ಬದಲು ಧ್ವನಿಯಿರುವ ಚಿಕ್ಕ ವಾಕ್ಯಗಳನ್ನು ಇಟ್ಟುಕೊಳ್ಳಬೇಕು. 30 ದಿನಗಳಲ್ಲಿ ಚೀನೀ ಭಾಷೆ ಎಂಬ ಭರವಸೆಗಳನ್ನು ಯಾರೂ ನಂಬಬಾರದು. ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆಯು ಇಂಗ್ಲಿಷ್ ಬಲ್ಲ ತನ್ನ ಅಧಿಕಾರಿಗಳಿಗೆ ವೃತ್ತಿಮಟ್ಟದ ಪ್ರಾವೀಣ್ಯಕ್ಕೆ ಸುಮಾರು 2200 ತರಗತಿ ಗಂಟೆಗಳು ಬೇಕೆಂದು ಅಂದಾಜು ಮಾಡಿದೆ. ವಾರಕ್ಕೊಮ್ಮೆ ಮೂರು ಗಂಟೆ ಕೂರುವುದಕ್ಕಿಂತ ದಿನವೂ ಅರ್ಧ ಗಂಟೆ ಕೇಳಿ ನುಡಿಯುವವರೇ ಈ ದಾರಿಯಲ್ಲಿ ಮುಂದೆ ಸಾಗುತ್ತಾರೆ.

ಆರಂಭಿಕರ ಪಾಠಗಳಲ್ಲಿ ಬಹುಪಾಲು ಇಂಗ್ಲಿಷಿನ ಮೂಲಕವೇ ಸಿಗುವುದರಿಂದ ಮೇಲೆ ಹೇಳಿದ ಅನುಕೂಲಗಳು ನಮ್ಮ ಕಲಿಕೆದಾರರಿಗೆ ದಕ್ಕದೇ ಹೋಗುತ್ತಿವೆ. ಈ ಭಾಷೆಯನ್ನು ಬಲ್ಲ ಕನ್ನಡಿಗರು ಪಿನ್‌ಯಿನ್ ಉಚ್ಚಾರಣೆಯನ್ನು ಕನ್ನಡದ ವರ್ಣಮಾಲೆಯ ಆಧಾರದಿಂದ ವಿವರಿಸುವ ಧ್ವನಿಸಹಿತ ಪಾಠಗಳನ್ನು ಸಿದ್ಧಪಡಿಸಬೇಕೆಂದೂ, ತಮ್ಮ ಪತ್ರಿಕೆಯು ಅಂಥ ಬರಹಗಳಿಗೆ ವಾರಕ್ಕೊಮ್ಮೆಯಾದರೂ ಸ್ವಲ್ಪ ಜಾಗ ಕೊಡಬೇಕೆಂದೂ ವಿನಂತಿಸುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ