ಆಪ್ತಸಮಾಲೋಚಕರನ್ನು ತಯಾರು ಮಾಡುವವರು ಯಾರು?

ಮಾನ್ಯರೇ,

ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ಇಟ್ಟುಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶನ ಕೊಟ್ಟಿತು. ಪಿಯು ಕಾಲೇಜು, ಎಂಜಿನಿಯರಿಂಗ್ ಕಾಲೇಜು, ಹಾಸ್ಟೆಲ್ಲುಗಳಿಂದ ತುಂಬಿರುವ ತುಮಕೂರಿಗೆ ಇದು ಸಣ್ಣ ಮಾತಲ್ಲ. ಕೌನ್ಸೆಲಿಂಗ್ ಸೈಕಾಲಜಿಯಲ್ಲಿ ಎಂ.ಎಸ್ಸಿ. ಮಾಡಿದವರನ್ನು ಹುಡುಕಿ ಹುದ್ದೆ ತುಂಬಬಹುದು. ಆದರೆ ಅವರಿಗೆ ಪಾಠ ಹೇಳಿದವರು ಯಾರು, ಹೇಳುವುದಕ್ಕೆ ಎಷ್ಟು ಸಮಯ ಸಿಕ್ಕಿತ್ತು, ಆ ಅಧ್ಯಾಪಕರು ತಾವೇ ಕಷ್ಟದಲ್ಲಿರುವ ಒಬ್ಬರ ಎದುರು ಕೂತು ಸಮಾಲೋಚನೆ ನಡೆಸಿದ್ದಾರೆಯೇ ಎಂದು ಕೇಳುವವರು ಕಾಣುತ್ತಿಲ್ಲ. ಈ ಕೆಲಸದ ಒಳಹೊರಗು ಬಲ್ಲವರಾಗಿ ಅದರ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇವೆ.

ಮೊದಲು ನೇಮಕಾತಿಯ ವಿಷಯ. ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ, ಜೊತೆಗೆ ಸಾಮಾನ್ಯವಾಗಿ ನೆಟ್ ಎಂಬ ರಾಷ್ಟ್ರಮಟ್ಟದ ಇಲ್ಲವೇ ಕೆ-ಸೆಟ್ ಎಂಬ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ನೆಟ್ ಎಂದರೆ ಮೂರು ಗಂಟೆ, 150 ಪ್ರಶ್ನೆ, 300 ಅಂಕ. ಎಲ್ಲವೂ ಸರಿಯುತ್ತರ ಗುರುತಿಸುವ ಪ್ರಶ್ನೆಗಳೇ. ಅದನ್ನು ದಾಟಿ ಬಂದವರ ಓದನ್ನು ನಾವು ಹಗುರವಾಗಿ ಕಾಣುವುದಿಲ್ಲ, ಆ ಓದು ಬೇಕೇ ಬೇಕು. ಆದರೆ ಹತ್ತೊಂಬತ್ತರ ಹುಡುಗನೊಬ್ಬ ತಲೆ ತಗ್ಗಿಸಿ ಸುಮ್ಮನೆ ಕೂತಾಗ ಅರ್ಧ ನಿಮಿಷ ತಾಳಿಕೊಂಡು ಕೂರಬಲ್ಲರೇ, ಇನ್ನೊಬ್ಬರಿಗೆ ಹಾಗೆ ಕೂರುವುದನ್ನು ಕಲಿಸಬಲ್ಲರೇ ಎಂಬುದು ಆ ಪರೀಕ್ಷೆಯಲ್ಲೂ ಗೊತ್ತಾಗುವುದಿಲ್ಲ, ಆಮೇಲಿನ ಸಂದರ್ಶನದಲ್ಲೂ ಗೊತ್ತಾಗುವುದಿಲ್ಲ. ಎಷ್ಟೋ ಕಡೆ ಕೌನ್ಸೆಲಿಂಗ್ ಪತ್ರಿಕೆ ಹೋಗುವುದು ಯಾರಿಗೆ ಕಾರ್ಯಭಾರ ಕಮ್ಮಿ ಬಿದ್ದಿದೆಯೋ ಅವರಿಗೆ. ಅವರ ಸಂಶೋಧನೆ ಕಾರ್ಖಾನೆ ನೌಕರರ ತೃಪ್ತಿಯ ಮೇಲೋ ನೆನಪಿನ ಪ್ರಯೋಗಗಳ ಮೇಲೋ ನಡೆದಿರಬಹುದು. ಅವರು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಸಮಾಲೋಚನೆಯ ಬಗ್ಗೆ ಹೇಳಿದ್ದನ್ನು ಬೋರ್ಡಿನ ಮೇಲೆ ಬರೆದು ವಿವರಿಸಬಲ್ಲರು. ಬರೆದು ವಿವರಿಸಿದ ಮಾತ್ರಕ್ಕೆ ಈ ಕೆಲಸ ಕೈಗೆ ಹತ್ತುವುದಿಲ್ಲ.

ಕರ್ನಾಟಕಕ್ಕೆ ಮನಶ್ಶಾಸ್ತ್ರ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ವಿಭಾಗ ತೆರೆಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನು ಶುರುಮಾಡಿದವರು ಎಂಬುದು ಹಲವರಿಗೆ ಗೊತ್ತಿದೆ. ಆ ಪರಂಪರೆ ಮುಖ್ಯವಾಗಿ ಪ್ರಯೋಗಾಲಯದ್ದು: ಕನ್ನಡಿ ನೋಡಿಕೊಂಡು ನಕ್ಷತ್ರ ಬರೆಯುವುದು, ಕಣ್ಣು ಕಟ್ಟಿಕೊಂಡು ಬೆರಳಿನಿಂದ ದಾರಿ ಹುಡುಕುವುದು. ಇಂದಿಗೂ ವಿಭಾಗಗಳ ಬೀರುವಿನಲ್ಲಿ ಈ ಉಪಕರಣಗಳಿವೆ. ಆಪ್ತಸಮಾಲೋಚನೆಗೆ ಬೇಕಾದ ಪ್ರಯೋಗಾಲಯ ಇದಕ್ಕಿಂತ ಅಗ್ಗ: ಎರಡು ಕುರ್ಚಿ, ಮುಚ್ಚುವ ಬಾಗಿಲು, ಒಂದು ಧ್ವನಿಮುದ್ರಕ, ಪಕ್ಕದಲ್ಲಿ ಗಮನವಿಟ್ಟು ಕೇಳುವ ಅಧ್ಯಾಪಕರು. ಕೊನೆಯದೊಂದೇ ಸಿಗುವುದು ಕಷ್ಟ. ರೋಜರ್ಸ್ 1940ರ ಆಸುಪಾಸಿನಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ ಸಮಾಲೋಚನೆಯ ಮಾತುಗಳನ್ನು ಡಿಸ್ಕಿನ ಮೇಲೆ ಮುದ್ರಿಸಿಕೊಂಡು ಅಧ್ಯಯನ ಮಾಡತೊಡಗಿದರು. ನಾವು ಹೇಳಿದೆವೆಂದುಕೊಂಡಿದ್ದಕ್ಕೂ ನಿಜವಾಗಿ ಹೇಳಿದ್ದಕ್ಕೂ ಎಷ್ಟು ದೂರವಿದೆ ಎಂಬುದು ಮುದ್ರಿಕೆ ಕೇಳಿದಾಗಲೇ ತಿಳಿಯುವುದು. 1960ರ ದಶಕದಲ್ಲಿ ಆಲೆನ್ ಐವಿ ಈ ಕೌಶಲವನ್ನು ಸಣ್ಣ ಸಣ್ಣ ತುಂಡುಗಳಾಗಿ ಬಿಡಿಸಿ ಕಲಿಸುವ ಕ್ರಮ ರೂಪಿಸಿದರು. ಅದೇ ದಶಕದಲ್ಲಿ ನಾರ್ಮನ್ ಕೇಗನ್, ಮುದ್ರಿಕೆಯನ್ನು ನಡುನಡುವೆ ನಿಲ್ಲಿಸಿ ‘ಈಗ ನಿನ್ನ ಮನಸ್ಸಿನಲ್ಲಿ ಏನು ನಡೆಯುತ್ತಿತ್ತು’ ಎಂದು ಕೇಳುವ ವಿಧಾನ ತಂದರು.

ಇದನ್ನು ತರಗತಿಯಲ್ಲಿ ಮಾಡುವುದು ಹೀಗೆ. ಮೂರು ಮೂರು ಜನರ ಗುಂಪು. ಒಬ್ಬರು ಸಮಾಲೋಚಕರು, ಒಬ್ಬರು ಕ್ಲೈಂಟ್ ಅಂದರೆ ನೆರವು ಕೇಳಿ ಬಂದವರು, ಒಬ್ಬರು ಗಮನಿಸುವವರು. ಹತ್ತು–ಹನ್ನೆರಡು ನಿಮಿಷ ಮಾತುಕತೆ, ಏಳೆಂಟು ನಿಮಿಷ ಅದರ ಚರ್ಚೆ, ಆಮೇಲೆ ಪಾತ್ರ ಬದಲು. ಮೂವರದೂ ಮುಗಿಯಲು ಒಂದು ಗಂಟೆ ಬೇಕು. ಮೊದಲ ಎರಡು ವಾರ ಕೂರುವ ರೀತಿ, ನೋಟ, ಮೌನ ಇಷ್ಟೇ. ಆಮೇಲೆ ಪ್ರಶ್ನೆ ಕೇಳುವುದು, ಅನಂತರ ಕೇಳಿದ್ದನ್ನು ತಮ್ಮ ಮಾತಲ್ಲಿ ತಿರುಗಿ ಹೇಳುವುದು, ಅದಾದ ಮೇಲೆ ಮಾತಿನ ಕೆಳಗಿರುವ ಭಾವ ಹಿಡಿಯುವುದು. ಎಡವುವುದು ಎಲ್ಲಿ ಎಂದರೆ, ಕ್ಲೈಂಟ್ ಪಾತ್ರದವರು ಸಿನಿಮಾದಂಥ ಕಷ್ಟವೊಂದನ್ನು ಕಟ್ಟಿಕೊಂಡು ಅಭಿನಯಿಸತೊಡಗುತ್ತಾರೆ. ಆಗ ಎದುರಿನವರು ಕಲಿಯುವುದು ಅಭಿನಯಕ್ಕೆ ಉತ್ತರ ಕೊಡುವುದನ್ನು. ಹಾಸ್ಟೆಲ್ ಊಟ, ರೂಮ್‌ಮೇಟ್ ಜೊತೆ ಮುನಿಸು, ಬಸ್ ಪಾಸಿನ ಅಲೆದಾಟ, ಇಂಥ ನಿಜವಾದ ಸಣ್ಣ ಸಂಗತಿಯನ್ನೇ ತರಬೇಕೆಂದು ಅಧ್ಯಾಪಕರು ಮೊದಲೇ ಹೇಳಿರಬೇಕು. ಗಮನಿಸುವವರು ‘ಚೆನ್ನಾಗಿತ್ತು’ ಎಂದು ಬರೆದುಕೊಡುತ್ತಾರೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಯಾವ ಮಾತಿಗೆ ಯಾವ ಮಾತು ಬಂತು, ಅದಾದ ಮೇಲೆ ಕ್ಲೈಂಟ್ ಇನ್ನಷ್ಟು ಬಿಚ್ಚಿಕೊಂಡರೋ ಮುಚ್ಚಿಕೊಂಡರೋ ಎಂದು ಮಾತುಮಾತನ್ನೂ ಬರೆಯುವುದನ್ನು ಅವರಿಗೂ ಕಲಿಸಬೇಕು. ಮೂವತ್ತು ಜನರ ತರಗತಿಯಲ್ಲಿ ಹತ್ತು ಗುಂಪುಗಳಾದವು. ಒಬ್ಬರೇ ಅಧ್ಯಾಪಕರಾದರೆ ಒಂದು ಗಂಟೆಯಲ್ಲಿ ಪ್ರತಿ ಗುಂಪಿನ ಪಾಲಿಗೆ ಆರು ನಿಮಿಷ. ಉಳಿದ ಐವತ್ತನಾಲ್ಕು ನಿಮಿಷ ತಪ್ಪು ಅಭ್ಯಾಸ ಗಟ್ಟಿಯಾಗುತ್ತಿದ್ದರೂ ಹಿಡಿಯುವವರಿಲ್ಲ.

ಮನಶ್ಶಾಸ್ತ್ರವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕಲಿಸುವಂತಿಲ್ಲ ಎಂದು ಯುಜಿಸಿ 2025ರ ಜುಲೈ–ಆಗಸ್ಟ್ ಪ್ರವೇಶದಿಂದ ನಿಲ್ಲಿಸಿದ್ದು ಸರಿಯಾದ ತೀರ್ಮಾನ. ಆದರೆ ಎದುರಿಗೇ ಕೂತಿದ್ದರೂ ನೋಡಿ ತಿದ್ದುವವರಿಲ್ಲದಿದ್ದರೆ ಫಲ ಅದೇ.

ಎರಡನೇ ವರ್ಷದಲ್ಲಿ ವಿದ್ಯಾರ್ಥಿಗಳು ನಿಜವಾದ ಕ್ಲೈಂಟುಗಳನ್ನು ನೋಡಿ ಕಲಿಯುವ ಪ್ರಾಕ್ಟಿಕಮ್‌ನ ಲೆಕ್ಕ ಇನ್ನೂ ಬಿಗಿ. ಅಮೆರಿಕದಲ್ಲಿ ಇಂಥ ಕೋರ್ಸುಗಳಿಗೆ ಮಾನ್ಯತೆ ಕೊಡುವ ಕ್ಯಾಕ್ರೆಪ್ ಮಂಡಳಿ, ಪೂರ್ಣಾವಧಿ ಅಧ್ಯಾಪಕರೊಬ್ಬರಿಗೆ 12ಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಇರಬಾರದು ಎನ್ನುತ್ತದೆ. 100 ಗಂಟೆ ಪ್ರಾಕ್ಟಿಕಮ್, ಆಮೇಲೆ 600 ಗಂಟೆ ಇಂಟರ್ನ್‌ಶಿಪ್. ಆ ಅವಧಿಯುದ್ದಕ್ಕೂ ವಾರಕ್ಕೊಂದು ಗಂಟೆ ಒಬ್ಬೊಬ್ಬರಾಗಿ ಅಥವಾ ಇಬ್ಬಿಬ್ಬರಾಗಿ ಮೇಲ್ವಿಚಾರಣೆ, ಅದರ ಮೇಲೆ ಒಂದೂವರೆ ಗಂಟೆ ಗುಂಪಿನಲ್ಲಿ. ಅವರದನ್ನು ಹಾಗೇ ತಂದು ನೆಡಿ ಎನ್ನುತ್ತಿಲ್ಲ. ಆದರೆ ಈ ಅಳತೆಯನ್ನು ನಮ್ಮ ಮೂವತ್ತು ವಿದ್ಯಾರ್ಥಿಗಳಿಗೆ ಹಿಡಿದು ನೋಡಿ. ಇಬ್ಬಿಬ್ಬರಾಗಿ ಕೂರಿಸಿದರೂ ವಾರಕ್ಕೆ 15 ಗಂಟೆ, ಹತ್ತು ಹತ್ತು ಜನರ ಮೂರು ಗುಂಪಿಗೆ ನಾಲ್ಕೂವರೆ ಗಂಟೆ, ಒಟ್ಟು ಹತ್ತೊಂಬತ್ತೂವರೆ. ಯುಜಿಸಿ ಲೆಕ್ಕದಲ್ಲಿ ಸಹಾಯಕ ಪ್ರಾಧ್ಯಾಪಕರ ನೇರ ಬೋಧನೆ ವಾರಕ್ಕೆ 16 ಗಂಟೆ. ಅಂದರೆ ಒಂದೇ ಬ್ಯಾಚಿನ ಮೇಲ್ವಿಚಾರಣೆಗೆ ಒಂದು ಪೂರ್ಣ ಹುದ್ದೆಯೂ ಸಾಲದು. ವಿದ್ಯಾರ್ಥಿಗಳು ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷದ ಮಾತುಕತೆಯನ್ನು ಅಕ್ಷರಶಃ ಬರೆದು ತಂದರೆ, ಒಂದೊಂದನ್ನು ಓದಿ ಅಂಚಿನಲ್ಲಿ ಬರೆಯಲು ಅರ್ಧ ಗಂಟೆ ಹಿಡಿಯುತ್ತದೆ. ಅಲ್ಲಿಗೆ ಹದಿನೈದು ದಿನಕ್ಕೆ ಇನ್ನೂ 15 ಗಂಟೆ. ಈ ಕೆಲಸ ಟೈಂಟೇಬಲ್ಲಿನಲ್ಲಿ ಬಹುತೇಕ ಕಾಣುವುದೇ ಇಲ್ಲ. ಮನಸ್ಸಿರುವ ಅಧ್ಯಾಪಕರು ಸಂಜೆ ಐದರ ಮೇಲೆ, ಭಾನುವಾರ, ಫೋನಿನಲ್ಲಿ ಮಾಡುತ್ತಾರೆ. ಉಳಿದ ಕಡೆ ಡೈರಿಗೆ ಸಹಿ ಬೀಳುತ್ತದೆ.

ಅತಿಥಿ ಉಪನ್ಯಾಸಕರ ಮೇಲೆ ಈ ಹೊರೆ ಹೊರಿಸುವುದು ಅವರಿಗೂ ಅನ್ಯಾಯ, ಕ್ಲೈಂಟಿಗೂ ಅನ್ಯಾಯ. ಸೆಮಿಸ್ಟರ್ ಮುಗಿದಾಗ ಉಪನ್ಯಾಸಕರ ಅವಧಿ ಮುಗಿಯುತ್ತದೆ, ವಿದ್ಯಾರ್ಥಿಯ ಬಳಿ ಬರುತ್ತಿದ್ದ ಹೆಣ್ಣುಮಗಳ ಕಷ್ಟ ಮುಗಿದಿರುವುದಿಲ್ಲ. ನಡುವಿನ ಆ ಒಂದೂವರೆ–ಎರಡು ತಿಂಗಳು ವಿದ್ಯಾರ್ಥಿ ಯಾರನ್ನು ಕೇಳಬೇಕು?

ಭಾಷೆಯ ವಿಷಯಕ್ಕೆ ಬಂದರೆ, ನಮ್ಮ ಜಿಲ್ಲೆಯ ಅಧ್ಯಾಪಕರು ಮಾಡಬೇಕಾದ್ದನ್ನು ಬೇರೆಯವರು ಬಂದು ಮಾಡಿಕೊಡಲಾರರು. ಪಾಠ, ಪುಸ್ತಕ, ಪರೀಕ್ಷೆ ಇಂಗ್ಲಿಷಿನಲ್ಲಿ. ಗುಬ್ಬಿ, ಚಿಕ್ಕನಾಯಕನಹಳ್ಳಿ, ಕೊರಟಗೆರೆಯಿಂದ ಬರುವವರು ಮಾತಾಡುವುದು ತಮ್ಮ ಕನ್ನಡ. ಪಾವಗಡದ ಕಡೆ ತೆಲುಗು, ಶಿರಾದಲ್ಲೂ ತುಮಕೂರು ಪೇಟೆಯಲ್ಲೂ ಉರ್ದು ಬಲ್ಲವರು ಬೇಕಾಗುತ್ತಾರೆ. ಇಂಗ್ಲಿಷಿನಲ್ಲೇ ಕಲಿತ ವಿದ್ಯಾರ್ಥಿ ‘ನಿಮಗೆ ನೋವಾಗುತ್ತಿದೆ ಎಂದು ನನಗೆ ಕೇಳಿಸುತ್ತಿದೆ’ ಎನ್ನುತ್ತಾನೆ. ಎದುರಿನ ಹೆಂಗಸು ಗಾಬರಿಯಾಗಿ ನೋಡುತ್ತಾಳೆ. ‘ಇಷ್ಟು ದಿನ ಎಲ್ಲಾನೂ ಒಬ್ರೇ ತಡ್ಕೊಂಡಿದ್ದೀರಿ’ ಎಂದರೆ ಸಾಕು, ಅವಳ ಕಣ್ಣು ತುಂಬುತ್ತದೆ. ‘ಬೇಜಾರು’ ಎಂಬ ಒಂದೇ ಮಾತಿನಲ್ಲಿ ದುಃಖ, ಬೇಸರ, ಮುನಿಸು, ಸೋಲು ಎಲ್ಲವೂ ಅಡಗಿರುತ್ತವೆ. ‘ಅವನ ಮೇಲೆ ಬೇಜಾರು’ ಬೇರೆ, ‘ಜೀವನಾನೇ ಬೇಜಾರು’ ಬೇರೆ. ಎರಡನೆಯದಕ್ಕೆ ತಕ್ಷಣ ಕಿವಿ ನಿಮಿರಬೇಕು. ‘ಹೊಟ್ಟೆ ಉರೀತದೆ’ ಅಂದರೆ ಆಸಿಡಿಟಿಯೂ ಇರಬಹುದು, ಮಗ ತೀರಿಕೊಂಡ ಸಂಕಟವೂ ಇರಬಹುದು. ‘ಎದೆ ಡವಡವ ಅಂತೈತೆ’, ‘ತಲೆ ಭಾರ’, ‘ಗಾಳಿ ಸೋಕೈತೆ ಅಂತಾರೆ’ ಎಂಬ ಮಾತುಗಳನ್ನು ಸೇರಿಸಿ ಪ್ರತಿ ವಿಭಾಗವೂ ತನ್ನದೇ ಒಂದು ನೋಟ್‌ಬುಕ್ ಕಟ್ಟಿಕೊಳ್ಳಬಹುದು. ಇದಕ್ಕೆ ಯಾವ ಅನುದಾನವೂ ಬೇಡ.

ಕರೆಯುವ ಕ್ರಮವನ್ನೂ ಕಲಿಸಿಯೇ ಕೊಡಬೇಕು. ಇಪ್ಪತ್ತೆರಡರ ವಿದ್ಯಾರ್ಥಿನಿ ಐವತ್ತರ ತಾಯಿಯನ್ನು ‘ಅಮ್ಮ’ ಎನ್ನುವುದು ಸಹಜ. ಹಾಗೆ ಕರೆದಾಕ್ಷಣ ಒಂದು ನಂಟು ಹುಟ್ಟುತ್ತದೆ, ನಂಟಿನ ಜೊತೆಗೆ ‘ನೀನೇ ಹೇಳವ್ವ, ಏನ್ ಮಾಡ್ಲಿ’ ಎಂಬ ನಿರೀಕ್ಷೆಯೂ ಬರುತ್ತದೆ. ಪುಸ್ತಕ ಓದಿದವರು ಅದಕ್ಕೆ ‘ನಿಮಗೇನನ್ನಿಸುತ್ತೆ’ ಎಂದು ಪ್ರಶ್ನೆಯನ್ನು ಹಿಂದಕ್ಕೆ ಕೊಟ್ಟುಬಿಡುತ್ತಾರೆ, ಕೈಬಿಟ್ಟ ಹಾಗಾಗುತ್ತದೆ. ಜೊತೆಗೆ ಬಂದ ಗಂಡನನ್ನೋ ಅತ್ತೆಯನ್ನೋ ಮುಖ ಮುರಿಯದಂತೆ ಹೊರಗೆ ಕೂರಿಸುವುದು ಇನ್ನೊಂದು ಕಲೆ. ‘ಮೊದಲು ಇವರ ಹತ್ರ ಒಂದ್ ಹದಿನೈದು ನಿಮಿಷ ಮಾತಾಡ್ತೀವಿ, ಆಮೇಲೆ ನಿಮ್ಮನ್ನೂ ಕರೀತೀವಿ’ ಎಂದು ಹೇಳಿ, ಹೇಳಿದಂತೆ ಕರೆಯಬೇಕು. ಕರೆಯಲು ಮರೆತರೆ ಮುಂದಿನ ವಾರ ಆ ಹೆಣ್ಣುಮಗಳು ಬರುವುದಿಲ್ಲ. ಇವನ್ನೆಲ್ಲ ಮಾಡಿ ತೋರಿಸಬಲ್ಲವರು ವಾರಕ್ಕೆ ನಾಲ್ಕೈದು ಕ್ಲೈಂಟುಗಳನ್ನಾದರೂ ತಾವೇ ನೋಡುತ್ತಿರುವವರು ಮಾತ್ರ. ಅದಕ್ಕಾಗಿ ಅಧ್ಯಾಪಕರಿಗೆ ವಾರದಲ್ಲಿ ಅರ್ಧ ದಿನ ಬಿಟ್ಟುಕೊಡಲಿ. ಮಾನಸಿಕ ಆರೋಗ್ಯಕ್ಕಾಗಿ ಇರುವ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ಇದೆ, ಮಹಿಳೆಯರಿಗಾಗಿ ಸಾಂತ್ವನ ಕೇಂದ್ರಗಳಿವೆ. ಅಧ್ಯಾಪಕರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಲಿ, ಕಳಿಸಿ ಸುಮ್ಮನಾಗುವುದು ಬೇಡ.

ಚಿಕಿತ್ಸೆಯ ಕೊರತೆ ಎಷ್ಟು ದೊಡ್ಡದು ಎಂಬುದು ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಿಂದ ಗೊತ್ತಾಗಿದೆ. ಅದರ ಪ್ರಾಯೋಗಿಕ ಹಂತ ನಡೆದದ್ದು ನಮ್ಮದೇ ರಾಜ್ಯದ ಕೋಲಾರ ಜಿಲ್ಲೆಯಲ್ಲಿ. ಕಾಯಿಲೆಯ ಬಗೆಗೆ ತಕ್ಕಂತೆ ನೂರರಲ್ಲಿ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಹೀಗಿರುವಾಗ ಪ್ರಾಕ್ಟಿಕಮ್ ವಿದ್ಯಾರ್ಥಿಯ ಮುಂದೆ ಸಣ್ಣಪುಟ್ಟ ಕಷ್ಟದವರಷ್ಟೇ ಬರುತ್ತಾರೆ ಎಂದುಕೊಳ್ಳುವಂತಿಲ್ಲ. ಸಾಯುವ ಯೋಚನೆಯ ಸುಳಿವು ಸಿಕ್ಕಿದರೆ ಸುತ್ತಿಬಳಸದೆ ನೇರವಾಗಿ ಕೇಳಬೇಕು. ಕೇಳಿದರೆ ಯೋಚನೆ ಹುಟ್ಟಿಬಿಡುತ್ತದೆ ಎಂಬ ಹೆದರಿಕೆಯನ್ನು ಮೊದಲ ಸೆಮಿಸ್ಟರಿನಲ್ಲೇ ಬಿಡಿಸಬೇಕು. ಮನೆಯಲ್ಲಿ ತೋಟಕ್ಕೆ ಹೊಡೆಯುವ ಔಷಧಿ ಇದೆಯೇ, ಎಲ್ಲಿಟ್ಟಿದ್ದಾರೆ, ಇವತ್ತೇ ಅದನ್ನು ಬೇರೆಯವರ ವಶಕ್ಕೆ ಕೊಡಬಹುದೇ ಎಂದು ವಿಚಾರಿಸಬೇಕು. ಅವರನ್ನು ಒಬ್ಬರೇ ಬಿಡದೆ ಜಿಲ್ಲಾಸ್ಪತ್ರೆಯ ಮನೋವೈದ್ಯರವರೆಗೆ ಮುಟ್ಟಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ 14416 ಕೋಣೆಯ ಗೋಡೆಯ ಮೇಲಿರಬೇಕು. ವಿದ್ಯಾರ್ಥಿ ಕ್ಲೈಂಟ್ ಎದುರು ಕೂತಿರುವಷ್ಟು ಹೊತ್ತೂ ಅಧ್ಯಾಪಕರಲ್ಲಿ ಒಬ್ಬರಾದರೂ ಅದೇ ಕಟ್ಟಡದಲ್ಲಿರಬೇಕು. ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಆದ್ದರಿಂದ ‘ಇಲ್ಲಿ ಹೇಳಿದ್ದು ಎಲ್ಲಿಗೂ ಹೋಗಲ್ಲ’ ಎಂಬ ಪೂರ್ತಿ ಭರವಸೆಯನ್ನು ಮೊದಲ ದಿನ ಕೊಡಬಾರದು. ಏನನ್ನು ಗುಟ್ಟಾಗಿ ಇಡಬಹುದು, ಏನನ್ನು ಇಡಲಾಗದು ಎಂದು ಸರಳ ಕನ್ನಡದಲ್ಲಿ ಓದಿ ಹೇಳಬೇಕು.

ಬರೆದು ತರುವ ಮಾತುಕತೆಯಲ್ಲಿ ಹೆಸರು ತೆಗೆದರೆ ಸಾಲದು, ಊರು, ಜಾತಿ, ಮನೆತನದ ಹೆಸರು ಕೂಡ ಹೋಗಬೇಕು. ನಮ್ಮಂಥ ಊರಿನಲ್ಲಿ ‘ಕೊಬ್ಬರಿ ಮಂಡಿ, ಇಬ್ಬರು ಹೆಣ್ಣುಮಕ್ಕಳು’ ಎಂದರೆ ಗುರುತು ಸಿಕ್ಕಿಬಿಡುತ್ತದೆ. ಮುದ್ರಿಕೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದನ್ನು ಪೂರ್ತಿ ನಿಲ್ಲಿಸಬೇಕು.

ಇನ್ನೊಂದು ಸೂಕ್ಷ್ಮ. ಈ ಕೋರ್ಸಿಗೆ ಬರುವ ಮಕ್ಕಳಲ್ಲಿ ಕೆಲವರು ತಮ್ಮದೇ ನೋವು ಹೊತ್ತು ಬಂದಿರುತ್ತಾರೆ. ರೋಲ್ ಪ್ಲೇ ನಡುವೆ ಅದು ಹೊರಬರುತ್ತದೆ. ಒಳ್ಳೆಯ ಮನಸ್ಸಿನ ಅಧ್ಯಾಪಕರು ಆ ವಿದ್ಯಾರ್ಥಿಗೆ ತಾವೇ ಸಮಾಲೋಚಕರಾಗಿಬಿಡುತ್ತಾರೆ. ಆಂತರಿಕ ಅಂಕ ಹಾಕುವ ಕೈ ಆ ಕೆಲಸ ಮಾಡಬಾರದು. ಹೊರಗಿನ ಇಬ್ಬರು–ಮೂವರು ಸಮಾಲೋಚಕರ ಜೊತೆ ವಿಭಾಗ ಮೊದಲೇ ಮಾತಾಡಿಕೊಂಡು, ಯಾರು ಹೋದರು ಎಂಬುದು ವಿಭಾಗಕ್ಕೂ ತಿಳಿಯದಂತೆ ವ್ಯವಸ್ಥೆ ಮಾಡಿಕೊಳ್ಳಬೇಕು.

ದಾರಿ ಇಲ್ಲದೇ ಏನಿಲ್ಲ. ಯುಜಿಸಿಯ 2022ರ ಮಾರ್ಗಸೂಚಿಯಂತೆ, 15 ವರ್ಷ ಕ್ಷೇತ್ರದಲ್ಲಿ ದುಡಿದವರನ್ನು ಪದವಿಯ ನಿರ್ಬಂಧವಿಲ್ಲದೆ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಆಗಿ, ಮಂಜೂರಾದ ಹುದ್ದೆಗಳ ಶೇ 10ರ ಮಿತಿಯಲ್ಲಿ ತೆಗೆದುಕೊಳ್ಳಬಹುದು. ಕಾಯಂ ಹುದ್ದೆಗೆ ಅದು ಬದಲಿಯಲ್ಲ; ಆದರೂ ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಬೆಂಗಳೂರು ಇರುವಾಗ ಅಂಥವರು ಸಿಗದಿರಲಾರರು. ಮೇಲ್ವಿಚಾರಣೆಯ ಗಂಟೆಗಳನ್ನು ಬೋಧನೆಯ ಗಂಟೆಗಳೆಂದೇ ಟೈಂಟೇಬಲ್ಲಿನಲ್ಲಿ ನಮೂದಿಸಲು ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಮನಸ್ಸು ಮಾಡಬೇಕು. ಸಂದರ್ಶನ ನಡೆಸುವವರಿಗೂ ಒಂದು ವಿನಂತಿ: ಅಭ್ಯರ್ಥಿಗೆ ಕನ್ನಡದಲ್ಲಿ ಅಭಿನಯಿಸಿ ಮುದ್ರಿಸಿದ ಹತ್ತು ನಿಮಿಷದ ಮಾತುಕತೆ ಕೇಳಿಸಿ, ‘ಈ ವಿದ್ಯಾರ್ಥಿಗೆ ಏನು ಹೇಳುತ್ತೀರಿ’ ಎಂದು ಕೇಳಿ. ಸರಿಯಾಗಿದ್ದುದರಿಂದ ಶುರುಮಾಡುತ್ತಾರೋ ತಪ್ಪಿನಿಂದಲೋ, ವಿದ್ಯಾರ್ಥಿ ಅವಸರದಲ್ಲಿ ಬುದ್ಧಿ ಹೇಳಿದ ಜಾಗದಲ್ಲಿ ಮುದ್ರಿಕೆ ನಿಲ್ಲಿಸುತ್ತಾರೋ ಇಲ್ಲವೋ ನೋಡಿ. ಏಳನೇ ನಿಮಿಷದಲ್ಲಿ ಕ್ಲೈಂಟ್ ‘ನಾನೊಬ್ಳು ಇಲ್ದಿದ್ರೆ ಇವರೆಲ್ಲ ನೆಮ್ಮದಿಯಾಗಿರ್ತಾರೆ’ ಎಂದು ಮಾತಿನ ಮಧ್ಯೆ ಅಂದು ಮುಂದೆ ಹೋಗುವಂತೆ ಅದನ್ನು ತಯಾರಿಸಿ. ಆ ಮಾತು ಕಿವಿಗೆ ಬೀಳದವರಿಗೆ ಬೇರೆ ಯಾವ ಪತ್ರಿಕೆಯನ್ನಾದರೂ ಕೊಡಿ, ಪ್ರಾಕ್ಟಿಕಮ್ ಕೊಡಬೇಡಿ.

— ಆಪ್ತಸಮಾಲೋಚನಾ ಕ್ಷೇತ್ರದಲ್ಲಿ ಕೆಲಸ ಮಾಡುವ ಕೆಲವರು, ತುಮಕೂರು