ನಾಯಿ, ಬೆಕ್ಕುಗಳ ಕುರಿತ ಸಂದೇಶಗಳು: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ದಾವಣಗೆರೆ ವಿದ್ಯಾನಗರದ ನಮ್ಮ ಗುಂಪಿನಲ್ಲಿ ನಾಯಿ, ಬೆಕ್ಕುಗಳ ಬಗ್ಗೆ ಹರಿದಾಡುತ್ತಿರುವ ಕೆಲವು ಸಂದೇಶಗಳಲ್ಲಿ ತಪ್ಪು ಮಾಹಿತಿ ಇರುವುದರಿಂದ ಈ ಸೂಚನೆಯನ್ನು ನೀಡಲಾಗುತ್ತಿದೆ. ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ, ಅರಿಶಿನ ಅಥವಾ ಖಾರದಪುಡಿ ಹಚ್ಚಬೇಕೆಂಬ ಸಲಹೆ ಅವುಗಳಲ್ಲಿ ಅತ್ಯಂತ ಅಪಾಯಕಾರಿಯಾದದ್ದು. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೊಕ್ಕುಳಿನ ಸುತ್ತ 14 ಚುಚ್ಚುಮದ್ದು ಕೊಡುತ್ತಾರೆಂಬ ಹಳೆಯ ಭಯಕ್ಕೆ ಈಗ ಆಧಾರವಿಲ್ಲ, ದೊಡ್ಡವರಿಗೆ ಲಸಿಕೆಯನ್ನು ತೋಳಿಗೆ ಕೆಲವೇ ಬಾರಿ ನೀಡಲಾಗುತ್ತದೆ. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಬಹುತೇಕ ಅಸಾಧ್ಯವಾದ್ದರಿಂದ, ಬೆಕ್ಕು ಕಚ್ಚಿದ್ದನ್ನೂ ಪರಚಿದ್ದನ್ನೂ ಹಗುರವಾಗಿ ಕಾಣಬಾರದು.

ಉಳಿದ ಮಂಡಕ್ಕಿಯನ್ನು ಬೀದಿನಾಯಿಗೆ ಹಾಕುವುದು ನಮ್ಮೂರಿನ ಔದಾರ್ಯವೇ ಸರಿ. ಆದರೆ ಅದರಲ್ಲಿರುವ ಈರುಳ್ಳಿ ನಾಯಿ, ಬೆಕ್ಕುಗಳ ಕೆಂಪು ರಕ್ತಕಣಗಳಿಗೆ ಹಾನಿ ಮಾಡುತ್ತದೆ. ಬೆಳೆದ ಬೆಕ್ಕುಗಳಲ್ಲಿ ಅನೇಕವಕ್ಕೆ ಹಾಲು ಸರಿಯಾಗಿ ಜೀರ್ಣವಾಗುವುದಿಲ್ಲ, ಸಿಹಿಯ ರುಚಿಯಂತೂ ತಿಳಿಯುವುದೇ ಇಲ್ಲ. ಪೇಡ ಕೊಟ್ಟು ಮುದ್ದಿಸುವುದು ನಮ್ಮ ಸಮಾಧಾನಕ್ಕಷ್ಟೇ. ನಾಯಿಗೆ ಜಗತ್ತು ಬರೀ ಕಪ್ಪು-ಬಿಳುಪಲ್ಲ, ನೀಲಿ ಮತ್ತು ಹಳದಿ ಬಣ್ಣಗಳು ಅದಕ್ಕೆ ಕಾಣುತ್ತವೆ. ಬೆಕ್ಕು ಅಡ್ಡ ಬಂದರೆ ಅಪಶಕುನವೆಂಬ ಸಂದೇಶಗಳನ್ನು ದಯವಿಟ್ಟು ಇಲ್ಲಿ ಹಂಚಬೇಡಿ.