ವಾಚ್‌ಡಾಗ್ ಕೋಡ್ ರಿವ್ಯೂ ಮಾಡುವ ಮುಂಚೆ

ಚಿ. ಸುಮಾಗೆ ಚಿಕ್ಕಪ್ಪನ ಆಶೀರ್ವಾದಗಳು.

ಲಿನಕ್ಸ್ ಕರ್ನಲ್‌ನ ವಾಚ್‌ಡಾಗ್ ಡ್ರೈವರ್ ಒಂದನ್ನು ರಿವ್ಯೂ ಮಾಡೋಕೆ ನಿನಗೆ ಕೊಟ್ಟಿದ್ದಾರೆ ಅಂತ ಅಣ್ಣ ಹೇಳಿದ. ಸಣ್ಣ ಫೈಲು, ಸಂಜೆಯೊಳಗೆ ಮುಗಿಸುತ್ತೇನೆ ಅಂದೆಯಂತೆ. ಬೇಡ ಕಣಮ್ಮ, ಅವಸರ ಮಾಡಬೇಡ.

ಬೇರೆ ಡ್ರೈವರ್ ಕೆಟ್ಟರೆ ಜನ ಅವತ್ತೇ ಕೂಗುತ್ತಾರೆ. ನೆಟ್ ಬರಲಿಲ್ಲ, ಸ್ಕ್ರೀನ್ ಕಪ್ಪಾಯಿತು ಅಂತ ದೂರು ಬರುತ್ತದೆ. ವಾಚ್‌ಡಾಗ್ ಹಾಗಲ್ಲ. ಅದೊಂದು ಕಾವಲು ಟೈಮರ್: ‘ಇನ್ನೂ ಬದುಕಿದ್ದೇನೆ’ ಅಂತ ಸಿಸ್ಟಮ್ ಆಗಾಗ ಕೊಡುವ ಸಂಕೇತ (ಪಿಂಗ್) ಗೊತ್ತಾದ ಗಡುವಿನೊಳಗೆ (ಟೈಮೌಟ್) ಬರದಿದ್ದರೆ ಮಷೀನ್ ರೀಸೆಟ್ ಮಾಡುತ್ತದೆ. ಎಲ್ಲ ಸರಿ ಇರುವಷ್ಟು ದಿನ ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಯಾರಿಗೂ ಗೊತ್ತಾಗುವುದೇ ಇಲ್ಲ. ಆಪತ್ತಿಗಾದವನೇ ನೆಂಟ ಅಂತಾರಲ್ಲ, ಮಷೀನ್ ಪೂರ್ತಿ ಹ್ಯಾಂಗ್ ಆಗಿ, ಹತ್ತಿರ ಯಾರೂ ಇಲ್ಲದಾಗ ಅದನ್ನು ರೀಸೆಟ್ ಮಾಡಿದರೆ ಮಾತ್ರ ಈ ಕೋಡ್‌ಗೆ ಬೆಲೆ. ಸುಮ್ಮಸುಮ್ಮನೆ ರೀಸೆಟ್ ಆದರೆ ಯಾರಾದರೂ ಬಗ್ ಹಾಕುತ್ತಾರೆ. ಆಗಬೇಕಾದಾಗ ಆಗದೇ ಇದ್ದರೆ ಯಾರು ಹಾಕುತ್ತಾರೆ ಹೇಳು? ಹಾಗಾಗಿ ನೀನು ಹುಡುಕಬೇಕಾದದ್ದು ಈ ಎರಡನೇ ತರಹದ ತಪ್ಪನ್ನೇ. ಪ್ರತಿ ಫಂಕ್ಷನ್ ಓದುವಾಗಲೂ ಕೇಳಿಕೋ: ಸಿಸ್ಟಮ್ ಸತ್ತ ಮೇಲೂ ಯಾವುದೋ ಮೂಲೆಯಿಂದ ಪಿಂಗ್ ಹೋಗುತ್ತಲೇ ಇರಬಹುದಾ? ಟೈಮರ್ ಸದ್ದಿಲ್ಲದೆ ನಿಂತುಬಿಟ್ಟಿರಬಹುದಾ?

ಮೊದಲು ಟೈಮೌಟ್ ಲೆಕ್ಕ ನೋಡು. ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ತಗೋ. ಅದರ ಚಿಪ್‌ನಲ್ಲಿ ಟೈಮೌಟ್ ಬರೆಯುವ ರಿಜಿಸ್ಟರ್‌ನಲ್ಲಿ (ಚಿಪ್‌ನೊಳಗೆ ಸಂಖ್ಯೆ ಇಡುವ ಖಾನೆ) ಇರುವುದು 20 ಬಿಟ್ ಜಾಗ, ಒಂದು ಸೆಕೆಂಡಿಗೆ 65,536 ಟಿಕ್. ಪೂರ್ತಿ ಸೆಕೆಂಡಿನ ಲೆಕ್ಕದಲ್ಲಿ 15ರ ಮೇಲೆ ಹಿಡಿಸುವುದಿಲ್ಲ. ಯಾರೋ 20 ಸೆಕೆಂಡ್ ಕೇಳಿದರು ಅಂದುಕೋ. ಡ್ರೈವರ್ ಅದನ್ನು 16 ಬಿಟ್ ಎಡಕ್ಕೆ ಸರಿಸಿ (ಅಂದರೆ 65,536ರಿಂದ ಗುಣಿಸಿ), 20 ಬಿಟ್‌ಗೆ ಮಾಸ್ಕ್ ಮಾಡಿ (ಅದಕ್ಕಿಂತ ಮೇಲಿನ ಬಿಟ್ ಕತ್ತರಿಸಿ), ಹಾಗೇ ರಿಜಿಸ್ಟರ್‌ಗೆ ಬರೆದರೆ ಅಲ್ಲಿ ಕೂರುವುದು 4 ಸೆಕೆಂಡ್. 16 ಕೇಳಿದರೆ ಸೊನ್ನೆ! ಎಲ್ಲೂ ಎರರ್ ಇಲ್ಲ, ಕಂಪೈಲರ್ ವಾರ್ನಿಂಗ್ ಇಲ್ಲ. ಹತ್ತು ಸೆಕೆಂಡಿಗೊಮ್ಮೆ ಪಿಂಗ್ ಮಾಡಿದರೆ ಸಾಕು ಅಂದುಕೊಂಡವನ ಬೋರ್ಡ್ ನಾಲ್ಕನೇ ಸೆಕೆಂಡಿಗೇ ರೀಸೆಟ್ ಆಗುತ್ತದೆ.

ಇದಕ್ಕೆ ವಾಚ್‌ಡಾಗ್ ಕೋರ್‌ನಲ್ಲಿ, ಅಂದರೆ ವಾಚ್‌ಡಾಗ್ ಡ್ರೈವರ್‌ಗಳು ಹಂಚಿಕೊಳ್ಳುವ ಕರ್ನಲ್‌ನ ಸಾಮಾನ್ಯ ಕೋಡ್‌ನಲ್ಲಿ, ದಾರಿ ಇದೆ. ಹಾರ್ಡ್‌ವೇರ್ ಎಷ್ಟು ಮಿಲಿಸೆಕೆಂಡ್ ತಡೆಯುತ್ತದೆ ಅಂತ ಡ್ರೈವರ್ ಹೇಳಿದರೆ, ಅದಕ್ಕಿಂತ ಜಾಸ್ತಿ ಟೈಮೌಟ್ ಕೇಳಿದಾಗ ಕೋರ್ ತಾನೇ ಮಧ್ಯೆಮಧ್ಯೆ ಪಿಂಗ್ ಕೊಡುತ್ತದೆ, ಬಳಕೆದಾರನ ಗಡುವು ಹತ್ತಿರವಾದ ಮೇಲೆ ನಿಲ್ಲಿಸುತ್ತದೆ. ಆದರೆ ಇಲ್ಲೇ ಜನ ಎಡವುವುದು. ಮಿತಿ ಹೇಳಿದ ಮೇಲೆ ಟೈಮೌಟ್ ಫೀಲ್ಡ್‌ನಲ್ಲಿ 60 ಕೂಡ ಬರಬಹುದು. ರಿಜಿಸ್ಟರ್‌ಗೆ ಬರೆಯುವ ಮುಂಚೆ ಅದನ್ನು ಮಿತಿಯೊಳಗೆ ತರುವುದು ಡ್ರೈವರ್‌ನ ಕೆಲಸ. ಆ ಒಂದು ಸಾಲು ಇದೆಯಾ ಅಂತ ಕಣ್ಣಾರೆ ನೋಡು.

ಆಮೇಲೆ ಪ್ರೋಬ್ ಫಂಕ್ಷನ್, ಅಂದರೆ ಹಾರ್ಡ್‌ವೇರ್ ಸಿಕ್ಕಾಗ ಡ್ರೈವರ್ ಕೆಲಸ ಶುರು ಮಾಡುವ ಭಾಗ. ಎಷ್ಟೋ ಬೋರ್ಡ್‌ಗಳಲ್ಲಿ ಕರ್ನಲ್‌ಗಿಂತ ಮುಂಚೆ ಓಡುವ ಯೂ-ಬೂಟ್ ಅನ್ನುವ ಬೂಟ್‌ಲೋಡರ್ ಆಗಲೇ ವಾಚ್‌ಡಾಗ್ ಶುರು ಮಾಡಿ ಕರ್ನಲ್‌ಗೆ ಬಿಟ್ಟುಕೊಟ್ಟಿರುತ್ತದೆ. ಡ್ರೈವರ್ ಅದನ್ನು ಗಮನಿಸದಿದ್ದರೆ ಯೂಸರ್‌ಸ್ಪೇಸ್ (ಕರ್ನಲ್‌ನ ಹೊರಗಿನ ಪ್ರೋಗ್ರಾಮ್‌ಗಳು) ಏಳುವ ಮುಂಚೆಯೇ ರೀಸೆಟ್, ಮತ್ತೆ ಬೂಟ್, ಮತ್ತೆ ರೀಸೆಟ್. ಕೆಲವರು ಪ್ರೋಬ್‌ನಲ್ಲಿ ಮೊದಲು ಟೈಮರ್ ನಿಲ್ಲಿಸಿಬಿಡುತ್ತಾರೆ. ನೋಡೋಕೆ ಕ್ಲೀನ್ ಅನ್ನಿಸುತ್ತದೆ, ಆದರೆ ಅಲ್ಲಿಂದಾಚೆ ಬೂಟ್ ಸಿಕ್ಕಿಹಾಕಿಕೊಂಡರೆ ಕಾಪಾಡುವವರಿಲ್ಲ. ಸರಿಯಾದ ಕ್ರಮ ಅಂದರೆ ಹಾರ್ಡ್‌ವೇರ್ ಓಡುತ್ತಿದೆಯಾ ಅಂತ ರಿಜಿಸ್ಟರ್ ಓದಿ, ಓಡುತ್ತಿದ್ದರೆ ಕೋರ್‌ಗೆ ತಿಳಿಸುವುದು. ಯೂಸರ್‌ಸ್ಪೇಸ್ ವಾಚ್‌ಡಾಗ್‌ನ ಡಿವೈಸ್ ಫೈಲ್ ತೆರೆಯುವವರೆಗೆ ಕೋರ್ ಪಿಂಗ್ ಕೊಡುತ್ತದೆ. ಯೂಸರ್‌ಸ್ಪೇಸ್ ಬರಲೇ ಇಲ್ಲ ಅಂದರೆ? ಅದಕ್ಕೂ ಗಡುವು ಹಾಕುವ ಓಪನ್-ಟೈಮೌಟ್ ಪ್ಯಾರಾಮೀಟರ್ ಇದೆ. ಡ್ರೈವರ್ ಬರೆದವರು ತಮ್ಮದೇ ಕರ್ನಲ್ ಟೈಮರ್ ಇಟ್ಟು ಪಿಂಗ್ ಮಾಡಿದ್ದರೆ ಬಿಡಬೇಡ, ಕಾರಣ ಕೇಳು. ಎಲ್ಲ ಪ್ರೋಗ್ರಾಮ್ ಸತ್ತು ಬಿದ್ದಿದ್ದರೂ ಟೈಮರ್ ಇಂಟರಪ್ಟ್ ಮಾತ್ರ ಬರುತ್ತಲೇ ಇರಬಹುದು.

ಡಿವೈಸ್ ಫೈಲ್ ಮುಚ್ಚುವ ಮುಂಚೆ ಅದಕ್ಕೆ ‘ವಿ’ (V) ಅಕ್ಷರ ಬರೆದರೆ ಮಾತ್ರ ವಾಚ್‌ಡಾಗ್ ನಿಲ್ಲುವ ಪದ್ಧತಿ ನಿನಗೆ ಗೊತ್ತೇ ಇದೆ. ಡ್ರೈವರ್ ಆ ಫ್ಲ್ಯಾಗ್ ಹಾಕಿದೆಯಾ ನೋಡು, ಅಷ್ಟೇ. ಇಲ್ಲದಿದ್ದರೆ ಪಿಂಗ್ ಮಾಡುವ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್) ಕ್ರ್ಯಾಶ್ ಆಗಿ ಫೈಲ್ ಮುಚ್ಚಿಕೊಂಡಾಗ ವಾಚ್‌ಡಾಗ್ ಕೂಡ ನಿಂತುಹೋಗುತ್ತದೆ.

ಕೋಡ್ ಎಷ್ಟೇ ಅಚ್ಚುಕಟ್ಟಾಗಿ ಕಂಡರೂ ಬರೆದವರನ್ನು ಒಂದು ಮಾತು ಕೇಳು, ಹೇಗೆ ಟೆಸ್ಟ್ ಮಾಡಿದಿರಿ ಅಂತ. ‘ಮಾಡ್ಯೂಲ್ ಲೋಡ್ ಆಯಿತು’ ಅನ್ನುವುದು ಟೆಸ್ಟ್ ಅಲ್ಲ. ಪಿಂಗ್ ಮಾಡುವ ಡೀಮನ್ ಅನ್ನು ಕಿಲ್ ಮಾಡಿ, ಗಡಿಯಾರ ಹಿಡಿದು ನೋಡಬೇಕು, ಹೇಳಿದ ಸಮಯಕ್ಕೆ ರೀಸೆಟ್ ಆಯಿತಾ ಅಂತ. ಚಿಕ್ಕ ಟೈಮೌಟ್, ಮಿತಿ ಮೀರಿದ ಟೈಮೌಟ್, ಸಸ್ಪೆಂಡ್ ಆಗಿ ಎದ್ದ ಮೇಲೆ, ಎಲ್ಲ ಕಡೆ. ಮೃದುವಾಗಿಯೇ ಕೇಳು. ಬರೆದವರು ಹೊಸಬರಿರಬಹುದು, ಆದರೆ ಕೇಳದೆ ಬಿಡಬೇಡ. ಡೇಟಾಶೀಟ್ ನಿನ್ನ ಹತ್ತಿರ ಇಲ್ಲದಿದ್ದರೆ ಬಿಟ್‌ಗಳ ಅರ್ಥ ಊಹೆ ಮಾಡಬೇಡ, ಅವರಿಂದಲೇ ಬರೆಸಿಕೋ. ಸೀನಿಯರ್ ಒಬ್ಬರು ಆಗಲೇ ಒಪ್ಪಿದ್ದಾರೆ ಅಂತ ರಿವ್ಯೂಡ್-ಬೈ ಸಾಲು ಹಾಕಬೇಡ. ಅಲ್ಲಿ ಇರುವುದು ನಿನ್ನ ಹೆಸರು, ನೀನು ಓದಿ ಒಪ್ಪಿದ್ದೀಯ ಅಂತ ನಂಬಿ ಬೇರೆಯವರು ಆ ಕೋಡ್ ಸೇರಿಸಿಕೊಳ್ಳುತ್ತಾರೆ.

ಇವತ್ತು ಪ್ರೋಬ್ ಒಂದನ್ನೇ ಓದು. ಕ್ಲಾಕ್ ರೇಟ್ ಸೊನ್ನೆ ಬಂದರೆ ಆ ಡ್ರೈವರ್ ಭಾಗಾಕಾರಕ್ಕೆ ಮುಂಚೆ ತಡೆಯುತ್ತದೆಯಾ ನೋಡಿ ನನಗೆ ಬರೆ. ಉಳಿದದ್ದು ಭಾನುವಾರ ಫೋನ್‌ನಲ್ಲಿ ಮಾತಾಡೋಣ.

ಇಂತಿ,
ನಿನ್ನ ಚಿಕ್ಕಪ್ಪ